ಗ್ರಾಫಿಕ್ಸ್ ಚೆನ್ನಾದಷ್ಟೂ ಆಡುವವರ ಕಲ್ಪನೆ ಸಾಯುತ್ತಾ? ನನ್ನ ಪಿಕ್ಸೆಲ್ ಗೇಮನ್ನು ತ್ರೀಡಿ ಮಾಡಲಾ, ಬೇಡ್ವಾ?

ನೀವು ಕೇಳಿರುವ ಇದೇ ಕೆಲಸ ಮಾಡಿ ಕೈ ಸುಟ್ಟುಕೊಂಡವನು ನಾನು. ಹಾಗಾಗಿ ಸುಮ್ನೆ ಹೋಗೋಕೆ ಮನಸ್ಸಾಗಲಿಲ್ಲ.

ನನ್ನದು ಬರೀ ಅಕ್ಷರಗಳಲ್ಲಿ ನಡೆಯುವ ಹಾರರ್ ಗೇಮ್. ಆಗ ನನಗೆ 'ಜೋರ್ಕ್' ಹುಚ್ಚು. 1977ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಆ ಆಟದಲ್ಲಿ ಒಂದು ಚಿತ್ರವೂ ಇಲ್ಲ. ದೀಪವಿಲ್ಲದೆ ಕತ್ತಲಿಗೆ ಕಾಲಿಟ್ಟರೆ 'ಗ್ರೂ' ಅನ್ನೋ ಪ್ರಾಣಿ ತಿಂದುಹಾಕುತ್ತೆ, ಅಷ್ಟೇ. ನನ್ನ ಗೇಮಲ್ಲೂ ಅಂಥದ್ದೊಂದು ಸಾಲಿತ್ತು: "ಮೇಲಿನ ಮನೆಯಲ್ಲಿ ಯಾರೋ ಕುರ್ಚಿ ಎಳೆದರು." ಆಡುವವನು ಇರೋದೇ ಕೊನೆಯ ಮಹಡಿಯಲ್ಲಿ. ಮೇಲೆ ಮನೆಯೇ ಇಲ್ಲ.

ಆ ಸಾಲಿನ ಬಗ್ಗೆ ಜನ ಮೇಲ್ ಮಾಡುತ್ತಿದ್ದರು. ಒಬ್ಬರಿಗೆ ಅದು ಮುದುಕಿ, ಇನ್ನೊಬ್ಬರಿಗೆ ಮಗು. ಒಬ್ಬನಂತೂ ತೀರಿಹೋದ ತನ್ನ ತಂದೆಯೇ ಅಂತ ಬರೆದಿದ್ದ.

ಆಮೇಲೆ ನನಗೆ ತ್ರೀಡಿ ಆಸೆ ಹತ್ತಿತು. ಉಳಿತಾಯವೆಲ್ಲ ಸುರಿದು ಗೇಮನ್ನು ಹೊಸದಾಗಿ ಕಟ್ಟಿದೆ. ಕುರ್ಚಿ ಎಳೆದವಳನ್ನೂ ತೋರಿಸಿದೆ. ಒದ್ದೆ ಕೂದಲು, ನೆರಳು, ಎಲ್ಲ ಚೆನ್ನಾಗೇ ಇತ್ತು. ಆಡಿದವರು "ಓ, ಇವಳಾ?" ಅಂದು ಆಟ ಮುಚ್ಚಿದರು.

ಅವಳ ಮಾಡೆಲ್, ಅಂದರೆ ತ್ರೀಡಿ ಆಕೃತಿ, ಸರಿಯಿಲ್ಲ ಅಂದುಕೊಂಡು ಬದಲಾಯಿಸಿದೆ. ಬೆಳಕು ಜಾಸ್ತಿಯಾಯಿತೇನೋ ಅಂತ ಕತ್ತಲು ಮಾಡಿದೆ. ನಡಿಗೆ ತಿದ್ದಿದೆ. ಏನು ಮಾಡಿದರೂ ಅದೇ "ಓ". ತಪ್ಪು ಮಾಡೆಲ್‌ನದ್ದಲ್ಲ ಅಂತ ತಲೆಗೆ ಹೋಗೋಕೆ ತುಂಬಾ ಕಾಲ ಬೇಕಾಯಿತು. ಕುರ್ಚಿ ಎಳೆದವರನ್ನು ಪ್ರತಿಯೊಬ್ಬರೂ ಆಗಲೇ ತಮ್ಮ ಮನಸ್ಸಲ್ಲಿ ಮಾಡಿ ಮುಗಿಸಿದ್ದರು. ತಂದೆಯನ್ನು ಕಂಡವನ ಎದುರು ನಾನು ಯಾರೋ ಹೆಂಗಸನ್ನು ನಿಲ್ಲಿಸಿದ್ದೆ. ಅವಳು ಎಷ್ಟು ಚೆನ್ನಾಗಿದ್ದರೂ ಅವನಿಗೆ ಅದು ಬೇರೆಯವರ ಭಯ ಅಲ್ವಾ? ಆದರೆ ತ್ರೀಡಿ ಮೆಟ್ಟಿಲು, ಗೋಡೆಯ ತೇವ, ಕಿಟಕಿಯಾಚೆಯ ಮಳೆ ಇವುಗಳ ಬಗ್ಗೆ ಒಬ್ಬರೂ ತಕರಾರು ಮಾಡಲಿಲ್ಲ. ಮೆಟ್ಟಿಲು ಹತ್ತೋದೇ ಭಯ ಅಂದವರೂ ಇದ್ದರು. ಕೆಟ್ಟಿದ್ದು ಆ ಒಂದು ಕುರ್ಚಿಯ ಹತ್ತಿರ ಮಾತ್ರ.

ಅದಕ್ಕೇ ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪಲ್ಲ. ಹಳೇ ಗೇಮ್‌ಗಳು ಕಲ್ಪನೆ ಬೆಳೆಸಿದವು ಅನ್ನೋದು ಅರ್ಧ ಸುಳ್ಳು. ಬೀಳುವ ತುಂಡುಗಳನ್ನು ಜೋಡಿಸುವ 'ಟೆಟ್ರಿಸ್' ಆಡುತ್ತಾ ಯಾರು ಏನು ಕಲ್ಪಿಸಿಕೊಂಡರು? ಆಗ ಎಲ್ಲವನ್ನೂ ತೋರಿಸುವ ಶಕ್ತಿ ಯಂತ್ರಕ್ಕೆ ಇರಲಿಲ್ಲ, ಅಷ್ಟೇ. 1999ರ ಹಾರರ್ ಗೇಮ್ 'ಸೈಲೆಂಟ್ ಹಿಲ್' ನೋಡಿ. ದೂರದ್ದನ್ನೆಲ್ಲ ಬಿಡಿಸೋದು ಆಗಿನ ಪ್ಲೇಸ್ಟೇಷನ್‌ಗೆ ಕಷ್ಟ. ಅದಕ್ಕೆ ಊರಿಗೆಲ್ಲ ಮಂಜು ಮುಸುಕಿಸಿದರು. ಆ ಮಂಜೇ ಆಟದ ಭಯವಾಯಿತು. ಈಗಿನ ಯಂತ್ರ ನಿಮ್ಮನ್ನು ತಡೆಯಲ್ಲ. ನೀವೇ ತಡೆದುಕೊಳ್ಳಬೇಕು.

ಚಿತ್ರ ಬಂದ ಮೇಲೂ ಕಲ್ಪನೆಗೆ ಕೆಲಸ ಇರುತ್ತೆ. 2006ರಲ್ಲಿ ಬಂದ, ಕುಬ್ಜರ ಕೋಟೆ ಕಟ್ಟುವ ಗೇಮ್ 'ಡ್ವಾರ್ಫ್ ಫೋರ್ಟ್ರೆಸ್'ನಲ್ಲಿ ಎಲ್ಲವೂ ಅಕ್ಷರ, ಚಿಹ್ನೆಗಳೇ. ಒಮ್ಮೆ ಅದರಲ್ಲಿ ಬೆಕ್ಕುಗಳು ಸುಮ್ಮಸುಮ್ಮನೆ ಸಾಯತೊಡಗಿದವು. ನೋಡಿದರೆ, ಹೆಂಡದಂಗಡಿಯ ನೆಲಕ್ಕೆ ಚೆಲ್ಲಿದ ಹೆಂಡ ಪಾದಕ್ಕೆ ಅಂಟಿ, ಅದನ್ನು ನೆಕ್ಕಿ ಅಮಲೇರಿ ಸಾಯುತ್ತಿದ್ದವು! 2022ರಲ್ಲಿ ಚಿತ್ರಗಳಿರುವ ಆವೃತ್ತಿ ಬಂತು. ಆಡುವವರು ಇಂಥ ಕಥೆ ಹೇಳೋದು ನಿಂತಿಲ್ಲ. ಕಥೆ ಹುಟ್ಟುತ್ತಿದ್ದುದು ಆಟದ ಒಳಗಿನ ಲೆಕ್ಕಾಚಾರದಿಂದ.

ನನಗೆ ನಿಜಕ್ಕೂ ಸಿಟ್ಟು ಬರಿಸೋದು ಈಗಿನ ಗೇಮ್‌ಗಳ ಹಳದಿ ಬಣ್ಣ. ಬಂಡೆಯನ್ನು ಅಷ್ಟು ನೈಜವಾಗಿ ಬಿಡಿಸಿ, ಎಲ್ಲಿ ಹತ್ತಬೇಕು ಅಂತ ಆಡುವವರಿಗೆ ಗೊತ್ತಾಗಲ್ಲ ಅಂತ, ಅದರ ಅಂಚಿಗೆ ಹಳದಿ ಬಳಿಯುತ್ತಾರೆ. ಆಮೇಲೆ ಬೆಟ್ಟವನ್ನು ಯಾರು ನೋಡುತ್ತಾರೆ?

ಮಾಡಿ, ಧಾರಾಳವಾಗಿ ತ್ರೀಡಿ ಮಾಡಿ. ಅದಕ್ಕೂ ಮೊದಲು, ಈಗ ಆಡುತ್ತಿರುವವರು ನಿಮ್ಮ ಗೇಮಿನ ಯಾವ ವಿಷಯಕ್ಕೆ ಜಗಳ ಆಡುತ್ತಾರೆ ಅಂತ ನೋಡಿಕೊಳ್ಳಿ. ಅದಕ್ಕೆ ಮಾತ್ರ ಚಿತ್ರ ಬರೆಯಬೇಡಿ. ನಾನು ಆ ಹೆಂಗಸನ್ನು ತೆಗೆದು ಬರೀ ಸದ್ದು ಉಳಿಸಿದೆ. ಹೊಸಬರು ಹೆದರುತ್ತಾರೆ, ಆದರೆ ಅವಳ ಮುಖ ನೋಡಿ ಹೋದ ಹಳಬರು ಯಾರೂ ವಾಪಸ್ ಬರಲಿಲ್ಲ.