ಊಸರವಳ್ಳಿ ಒಂದು ಕಣ್ಣು ಮುಚ್ಕೊಂಡೇ ಇದೆ, ಯಾವ ಡ್ರಾಪ್ಸ್ ಹಾಕ್ಲಿ?

ಪ್ರಶ್ನೆ: ನಮ್ದು ಸೋಮವಾರಪೇಟೆ ಹತ್ರ. ಮನೇಲಿ ಒಂದು ವೇಲ್ಡ್ ಕಮೀಲಿಯನ್ (ಹೊರದೇಶದ ಒಂದು ಜಾತಿ ಊಸರವಳ್ಳಿ) ಸಾಕಿದೀವಿ. ಮಳೆ ಹಿಡಿದ ಮೇಲೆ ಚಳಿ ಆಗ್ಬಾರ್ದು ಅಂತ ಕೇಜನ್ನ ಅಡುಗೆಮನೇಲಿ ಸೌದೆ ಒಲೆ ಪಕ್ಕ ಇಟ್ಟಿದೀವಿ. ಈಗ ನಾಲ್ಕೈದು ದಿನದಿಂದ ಎಡಗಣ್ಣು ಹಗಲಲ್ಲೂ ಮುಚ್ಚಿರುತ್ತೆ, ಸ್ವಲ್ಪ ಊದಿದೆ, ಕೊಂಬೆಗೆ ಉಜ್ಕೊಳ್ತಾ ಇರುತ್ತೆ, ತಿನ್ನೋದೂ ಕಮ್ಮಿ. ಮೆಡಿಕಲ್ ಶಾಪಲ್ಲಿ ಒಂದು ಐ ಡ್ರಾಪ್ಸ್ ಕೊಟ್ರು, ಅಜ್ಜಿ ನಂದಿಬಟ್ಟಲು ಹೂವಿನ ರಸ ಬಿಡಿ ಅಂತಾರೆ. ಯಾವ್ದು ಹಾಕ್ಲಿ?

ಉತ್ತರ: ಎರಡೂ ಬೇಡ. ಡ್ರಾಪ್ಸ್ ಬಾಟಲಿ ಮೇಲೆ ಡೆಕ್ಸಾಮೆಥಾಸೋನ್ ಅಂತ ಬರ್ದಿದ್ಯಾ ನೋಡಿ, ಅದು ಸ್ಟೀರಾಯ್ಡ್, ಕಣ್ಣುಗುಡ್ಡೆ ಮೇಲೆ ಒಂದು ಸಣ್ಣ ಗೀರು ಗಾಯ ಇದ್ರೂ ವಾಸಿ ಆಗೋಕೆ ಬಿಡಲ್ಲ, ಇನ್ನಷ್ಟು ಆಳ ಮಾಡಿಬಿಡುತ್ತೆ. ಹೂವಿನ ರಸ ಅಂದ್ರೆ ಅದ್ರಲ್ಲಿರೋ ಧೂಳು ಕ್ರಿಮಿ ಎಲ್ಲಾ ಸೀದಾ ಒಳಗೆ. ಅಜ್ಜಿ ಬೇಜಾರು ಮಾಡ್ಕೋಬಾರ್ದು.

ಮೊದ್ಲು ಒಂದು ಸಮಾಧಾನ, ಒಂದೇ ಕಣ್ಣು ಅಂದ್ರಲ್ಲ. ಎರಡೂ ಕಣ್ಣು ಮುಚ್ಚಿದ್ರೆ ಸಾಮಾನ್ಯವಾಗಿ ಇಡೀ ಮೈಗೆ ಸಂಬಂಧಪಟ್ಟ ತೊಂದ್ರೆ ಇರುತ್ತೆ, ನೀರು ಸಾಲ್ದೇ ಇರೋದು, ವಿಟಮಿನ್ ಎ ಕೊರತೆ, ಕಿಡ್ನಿ, ಇಲ್ಲಾ ಯುವಿಬಿ (ಬಿಸಿಲಲ್ಲಿರೋ ಒಂದು ಬಗೆ ಅತಿನೇರಳೆ ಕಿರಣ) ಲೈಟ್ ತೀರಾ ಹತ್ರ ಇಟ್ಟು ಕಣ್ಣು ಸುಟ್ಟಿರೋದು. ಒಂದೇ ಕಣ್ಣಾದ್ರೆ ಬಹುತೇಕ ಅಲ್ಲೇ ಏನೋ ಸಿಕ್ಕಿಹಾಕ್ಕೊಂಡಿರುತ್ತೆ ಅಥವಾ ಸೋಂಕು. ಊಸರವಳ್ಳಿಗೆ ಮೇಲಿನ ರೆಪ್ಪೆ ಕೆಳಗಿನ ರೆಪ್ಪೆ ಸೇರ್ಕೊಂಡು ಒಂದು ಗೋಪುರದ ತರ ಆಗಿರುತ್ತೆ, ತುದೀಲಿ ಪಾಪೆ ಕಾಣೋಷ್ಟು ತೂತು ಅಷ್ಟೇ, ಹಾಗಾಗಿ ಮೈಯಿಂದ ಕಳಚಿದ ಪೊರೆ ಚೂರು, ಹುಳದ ಕಾಲು, ಬೂದಿ ಯಾವ್ದಾದ್ರೂ ಒಳಗೆ ಹೋದ್ರೆ ಸುಲಭಕ್ಕೆ ಆಚೆ ಬರಲ್ಲ. ಸಂಜೆ ಹೊತ್ತು ಕಣ್ಣು ಬಲೂನ್ ಹಂಗೆ ಉಬ್ಬಿಸಿ ಕೊಂಬೆಗೆ ಉಜ್ಜಿ, ಸ್ವಲ್ಪ ಹೊತ್ತಲ್ಲಿ ಸರಿ ಆದ್ರೆ ಅದು ಕಣ್ಣು ತೊಳ್ಕೊಳ್ಳೋ ರೀತಿ, ಹೆದರ್ಬೇಡಿ. ಹಗಲಲ್ಲಿ ಮುಚ್ಕೊಂಡು ಕೂತಿರೋದು ಹಂಗಲ್ಲ.

ನಿಮ್ಮ ಪತ್ರದಲ್ಲಿ ನಂಗೆ ಕಣ್ಣಿಗಿಂತ ಮುಂಚೆ ಕಂಡಿದ್ದು ಆ ಒಲೆ. ಸೌದೆ ಹೊಗೆ, ಬೂದಿ, ಒಗ್ಗರಣೆ ಘಾಟು ಎಲ್ಲಾ ಅದಕ್ಕೆ ನೇರ ಹೊಡೀತಾ ಇದೆ. ಇವತ್ತೇ ಕೇಜ್ ಬೇರೆ ರೂಮಿಗೆ ಸಾಗ್ಸಿ, ಸೊಳ್ಳೆ ಬತ್ತಿ ಅಗರಬತ್ತಿ ಕೂಡ ಆ ರೂಮಲ್ಲಿ ಬೇಡ.

ಆಮೇಲೆ ನೀರು. ಉಗುರುಬೆಚ್ಚಗಿನ ನೀರನ್ನ ಸಣ್ಣ ಹನಿಯಾಗಿ ಸ್ಪ್ರೇ ಮಾಡಿ, ಮುಖಕ್ಕೆ ರಭಸವಾಗಿ ಅಲ್ಲ, ಮೇಲಿಂದ ತುಂತುರು ಬೀಳೋ ಹಂಗೆ ಹತ್ತು ಹದಿನೈದು ನಿಮಿಷ, ದಿನಕ್ಕೆರಡು ಸಲ. ಎಷ್ಟೋ ಸಲ ಅದೇ ಕಣ್ಣು ತಿರುಗಿಸ್ತಾ ತಿರುಗಿಸ್ತಾ ಕಸ ಹೊರಗೆ ಹಾಕುತ್ತೆ. ಬೆರಳಿಂದ ರೆಪ್ಪೆ ಬಿಡಿಸೋಕೆ, ಹತ್ತಿ ಹಾಕಿ ಉಜ್ಜೋಕೆ ಹೋಗ್ಬೇಡಿ. ಹಿಕ್ಕೆ ಜೊತೆ ಬರೋ ಯೂರೇಟ್, ಅಂದ್ರೆ ಗಟ್ಟಿಯಾಗಿ ಬರೋ ಮೂತ್ರದ ಭಾಗ, ಬೆಳ್ಳಗಿದ್ರೆ ನೀರು ಸಾಕಾಗ್ತಿದೆ, ಕಿತ್ತಳೆ ಬಣ್ಣ ಇದ್ರೆ ಸಾಲ್ತಿಲ್ಲ. ಕೊಡಗಿನ ಮಳೇಲಿ ಗಾಳಿ ತೇವ ಇದ್ಯಲ್ಲ ಅಂತ ಅಂದ್ಕೋಬೇಡಿ, ಅದು ಎಲೆ ಮೇಲಿನ ಹನಿ ನೆಕ್ಕಿ ಕುಡಿಯೋ ಪ್ರಾಣಿ. ಆದ್ರೆ ಕೇಜ್ ಯಾವಾಗ್ಲೂ ಒದ್ದೆ ಇದ್ದು ಗಾಳಿ ಆಡ್ದೇ ಇದ್ರೆ ಶ್ವಾಸಕೋಶದ ಸೋಂಕು ಬರುತ್ತೆ, ಸ್ಪ್ರೇ ಆದ್ಮೇಲೆ ಒಣಗ್ಬೇಕು.

ಇನ್ನು ಲೈಟು. ಜೂನ್‌ನಿಂದ ಸೂರ್ಯ ಮುಖ ತೋರ್ಸಲ್ಲ, ಕರೆಂಟೂ ಹೋಗ್ತಾನೇ ಇರುತ್ತೆ. ಕಿಟಕಿ ಗಾಜಿನ ಹಿಂದೆ ಇಟ್ರೆ ಯುವಿಬಿ ಒಳಗೆ ಬರಲ್ಲ. ಕರೆಂಟ್ ಬಂದಾಗೆಲ್ಲ ಹಗಲಲ್ಲಿ ಯುವಿಬಿ ಟ್ಯೂಬ್ ಹಾಕಿ, ಬಿಸಿಲು ಕಾಯೋ ಜಾಗ 29-30 ಡಿಗ್ರಿ ಇರ್ಲಿ, ಮೈ ತಣ್ಣಗಾದ್ರೆ ಸೋಂಕಿನ ವಿರುದ್ಧ ಹೋರಾಡೋ ಶಕ್ತಿನೂ ಇರಲ್ಲ, ತಿಂದಿದ್ದು ಜೀರ್ಣನೂ ಆಗಲ್ಲ. ವರ್ಷದ ಹಳೇ ಟ್ಯೂಬ್ ಉರೀತಾ ಇದ್ರೂ ಯುವಿಬಿ ಕಮ್ಮಿ ಆಗಿರುತ್ತೆ.

ಆಹಾರದ ಬಗ್ಗೆ ನೀವು ಏನೂ ಬರ್ದಿಲ್ಲ. ಕ್ರಿಕೆಟ್ ಹುಳಕ್ಕೆ ಕ್ಯಾರೆಟ್, ಗೆಣಸು, ಸೊಪ್ಪು ತಿನ್ಸಿ ಆಮೇಲೆ ಕೊಡಿ. ವಿಟಮಿನ್ ಎ ಡ್ರಾಪ್ಸ್ ಅಂದಾಜಲ್ಲಿ ಬಾಯಿಗೆ ಬಿಡೋದು ಅಪಾಯ, ಜಾಸ್ತಿ ಆದ್ರೆ ವಿಷ. ತೋಟದಿಂದ ಮಿಡತೆ ಹಿಡ್ಕೊಂಡು ಬರೋರು ಕಾಫಿಗೆ ಔಷಧಿ ಹೊಡೆದಿದಾರಾ ಕೇಳಿ.

ಎರಡು ದಿನದಲ್ಲಿ ಕಣ್ಣು ಬಿಡ್ಲಿಲ್ಲ, ಊತ ಜಾಸ್ತಿ ಆಯ್ತು, ಎರಡನೇ ಕಣ್ಣೂ ಮುಚ್ತು ಅಂದ್ರೆ ಕಾಯ್ಬೇಡಿ, ಮೈಸೂರೋ ಬೆಂಗಳೂರೋ, ಸರೀಸೃಪ ನೋಡೋ ಡಾಕ್ಟರ್ ಹತ್ರ ಹೋಗಿ. ಹಲ್ಲಿ ಜಾತೀಲಿ ಕೀವು ನಮ್ಮ ತರ ನೀರಾಗಿ ಹರಿಯಲ್ಲ, ಗಟ್ಟಿಯಾಗಿ ಗಿಣ್ಣಿನ ಚೂರಿನ ಹಂಗೆ ರೆಪ್ಪೆ ಒಳಗೆ ಕೂತ್ಬಿಡುತ್ತೆ, ಅದನ್ನ ಕೈಯಾರೆ ತೆಗೀದೇ ಬರೀ ಡ್ರಾಪ್ಸ್ ಹಾಕಿದ್ರೆ ವಾಸಿ ಆಗೋದು ಕಷ್ಟ. ಗಾಳಿ ಆಡೋ ಡಬ್ಬದಲ್ಲಿ ಹಿಡ್ಕೊಳ್ಳೋಕೆ ಒಂದು ಕಡ್ಡಿ ಕಟ್ಟಿ, ಬಟ್ಟೆ ಮುಚ್ಚಿ, ಘಾಟಿ ತಿರುವಲ್ಲಿ ನಿಧಾನ.

ಇದು ಯೆಮನ್ ಕಡೆ ಮೂಲದ ವೇಲ್ಡೇ ತಾನೇ, ತಲೆ ಮೇಲೆ ಎತ್ತರದ ಕಿರೀಟ ಇದ್ಯಾ ನೋಡಿ. ಅದಿಲ್ದೇ ನಮ್ಮ ಕಾಡಿನ ಊಸರವಳ್ಳಿ ಆಗಿದ್ರೆ 1972ರ ವನ್ಯಜೀವಿ ಕಾಯ್ದೆ ಪ್ರಕಾರ ಮನೇಲಿ ಇಟ್ಕೊಳ್ಳೋ ಹಂಗೇ ಇಲ್ಲ, ಅರಣ್ಯ ಇಲಾಖೆಗೆ ತಿಳ್ಸಿ. ವೇಲ್ಡ್ ಆದ್ರೂ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಆಗಿರ್ಬೇಕು, ಡಾಕ್ಟರ್ ಹತ್ರ ಹೋಗುವಾಗ ಆ ಪ್ರಿಂಟೂ ಜೊತೆಗಿರ್ಲಿ.