ಸಂಪಾದಕರ ಉತ್ತರ: ಚೆಕ್ಕಿನೊಳಗಿನ ರಾಜ

ಶಿವಮೊಗ್ಗದಿಂದ ನಿವೃತ್ತ ಮೇಷ್ಟ್ರೊಬ್ಬರು ಬರೆದಿದ್ದಾರೆ. ಪತ್ರದ ಸಾರ ಇಷ್ಟು: “ಮೊಮ್ಮಗಳು ಕೇಳಿದಳು, ಬ್ಯಾಂಕಿನ ಚೆಕ್, ಅಂಗಿಯ ಚೆಕ್ಸ್, ಚೆಕ್ ಪೋಸ್ಟ್, ಚೆಕ್ ಡ್ಯಾಮ್, ಚೆಸ್ ಆಟದ ಚೆಕ್, ಭೂಪಟದ ಚೆಕ್ ದೇಶ, ಇಷ್ಟೂ ಒಂದೇ ಪದನಾ ತಾತಾ ಅಂತ. ಇಂಗ್ಲಿಷಿಗೆ ಹಿಂದುಮುಂದಿಲ್ಲ, ಒಂದೇ ಸದ್ದಿಗೆ ಏನೇನೋ ಅರ್ಥ ಅಂಟಿಸಿಕೊಂಡಿದೆ ಅಂದೆ. ಗಲ್ಫಿನಲ್ಲಿರುವ ಅಳಿಯ, ಚೆಕ್ ಬಂದಿದ್ದು ಅರಬ್ಬಿಯ ‘ಸಕ್’ನಿಂದ ಎಂದು ವಾಟ್ಸಾಪಿನಲ್ಲಿ ಕಳಿಸಿದ್ದಾರೆ. ಯಾವುದು ಸರಿ? ಅದೇನೇ ಇರಲಿ, ನಿಮ್ಮ ಪತ್ರಿಕೆಯಾದರೂ ಈ ಪದ ಬಿಟ್ಟು ಅಚ್ಚಗನ್ನಡ ಬಳಸಬಾರದೇ?”

ಮೇಷ್ಟ್ರೇ, ನಿಮ್ಮ ಕನ್ನಡದ ಕಾಳಜಿ ದೊಡ್ಡದು. ‘ತಡೆ’, ‘ನೋಡು’ ಎಂದರೆ ಸಾಕಾಗುವ ಕಡೆ ‘ಚೆಕ್ ಮಾಡು’ ಅನ್ನುವುದು ಬೇಡ, ಒಪ್ಪಿದೆ. ಆದರೆ ನಿಮ್ಮ ಪತ್ರದಲ್ಲಿ ನನ್ನ ಮನಸ್ಸು ಗೆದ್ದಿದ್ದು ಮೊಮ್ಮಗಳು. ಆ ಹುಡುಗಿ ಕೇಳಿದ್ದು ಸರಿಯಾದ ಪ್ರಶ್ನೆ. ನೀವು ಕೊಟ್ಟ ಉತ್ತರ ಮಾತ್ರ ಅವಸರದ್ದು. ಮಗು ಬಾಗಿಲು ತಟ್ಟಿದಾಗ ‘ಒಳಗೆ ಏನೂ ಇಲ್ಲ’ ಅಂದುಬಿಟ್ಟಿರಿ. ಒಳಗೆ ಒಬ್ಬ ರಾಜನೇ ಕೂತಿದ್ದಾನೆ.

ಆ ರಾಜ ಪರ್ಷಿಯದ ಶಾಹ್. ನಮ್ಮ ಚತುರಂಗ ಪರ್ಷಿಯಕ್ಕೆ ಹೋಗಿ ‘ಚತ್ರಂಗ್’ ಆಯ್ತು, ಅರಬ್ಬರ ಕೈಯಲ್ಲಿ ‘ಶತ್ರಂಜ್’ ಆಯ್ತು. ಎದುರಾಳಿಯ ರಾಜನ ಮೇಲೆ ದಾಳಿ ಬಂದಾಗ ‘ಶಾಹ್!’ ಎಂದು ಕೂಗಿ ಎಚ್ಚರಿಸುವುದು ವಾಡಿಕೆ. ಆಟ ಯೂರೋಪಿಗೆ ಹೋದಾಗ ಆ ಕೂಗೂ ಜೊತೆಗೆ ಹೋಯಿತು. ಹಳೆಯ ಫ್ರೆಂಚಿನಲ್ಲಿ ‘ಎಶೆಕ್’, 14ನೇ ಶತಮಾನದ ಇಂಗ್ಲಿಷಿನಲ್ಲಿ ‘ಚೆಕ್’. ‘ಚೆಸ್’ ಎಂಬ ಆಟದ ಹೆಸರೂ ಆ ಫ್ರೆಂಚ್ ಪದದ ಬಹುವಚನದಿಂದಲೇ ಬಂದಿದ್ದು.

ಚೆಕ್ ಅಂದಮೇಲೆ ಆಟಗಾರ ಬೇರೆ ಯಾವ ನಡೆಯನ್ನೂ ನಡೆಸುವಂತಿಲ್ಲ, ಮೊದಲು ರಾಜನನ್ನು ಉಳಿಸಿಕೊಳ್ಳಬೇಕು. ಅಲ್ಲಿಂದ ‘ತಟ್ಟನೆ ನಿಲ್ಲಿಸುವುದು’ ಎಂಬ ಅರ್ಥ ಹುಟ್ಟಿತು. ನಿಮ್ಮ ಕಡೆಯ ಹಳ್ಳಗಳಲ್ಲಿ ಓಡುವ ನೀರನ್ನು ನಿಲ್ಲಿಸುವ ಚೆಕ್ ಡ್ಯಾಮಿನಲ್ಲಿ ಈ ಹಳೆಯ ಅರ್ಥವೇ ಇರುವುದು. ನಿಲ್ಲಿಸಿದ ಮೇಲೆ ನೋಡಬೇಕಲ್ವಾ? ಹಾಗೆ ‘ತಪಾಸಣೆ’ಯೂ ಸೇರಿತು. ಚೆಕ್ ಪೋಸ್ಟಿನಲ್ಲಿ ಎರಡೂ ಇವೆ: ಲಾರಿ ನಿಲ್ಲಬೇಕು, ಕಾಗದ ತೋರಿಸಬೇಕು.

ಅಂಗಿಯ ಚೆಕ್ಸ್ ಬೇರೆ ದಾರಿಯಲ್ಲಿ ಬಂತು. ಅದು ಆಟದ ಹಾಸಿನಿಂದ ಬಂದಿದ್ದು. ಆ ಹಾಸಿನ ಕಥೆಯನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಮೇಷ್ಟ್ರಾದ ನಿಮಗೆ ಹಿಡಿಸುತ್ತದೆ. ಇಂಗ್ಲೆಂಡಿನ ಎರಡನೇ ಹೆನ್ರಿಯ ಖಜಾಂಚಿ ರಿಚರ್ಡ್ ಫಿಟ್ಜ್‌ನೀಲ್ 1170ರ ದಶಕದಲ್ಲಿ ಒಂದು ಪುಸ್ತಕ ಬರೆಯತೊಡಗಿದ. ಇಡೀ ಪುಸ್ತಕ ಗುರು ಶಿಷ್ಯರ ಮಾತುಕತೆ. ಅದರಲ್ಲಿ ರಾಜನ ಲೆಕ್ಕದ ಮೇಜಿನ ವರ್ಣನೆ ಬರುತ್ತದೆ. ಹತ್ತು ಅಡಿ ಉದ್ದ, ಐದು ಅಡಿ ಅಗಲ. ಮೇಲಿಟ್ಟಿದ್ದು ಬೀಳದಿರಲಿ ಎಂದು ಸುತ್ತಲೂ ನಾಲ್ಕು ಬೆರಳೆತ್ತರದ ಅಂಚು. ಮೇಲೆ ಗೆರೆ ಎಳೆದ ಕಪ್ಪು ಬಟ್ಟೆ. ಗೆರೆಗಳ ನಡುವೆ ಬಿಲ್ಲೆಗಳನ್ನು ಇಟ್ಟು ಲೆಕ್ಕ ಹಾಕುತ್ತಿದ್ದರು. ಒಂದು ಸಾಲು ಪೆನ್ನಿಗೆ, ಪಕ್ಕದ್ದು ಶಿಲ್ಲಿಂಗಿಗೆ, ಅದರಾಚೆ ಪೌಂಡು, ಇಪ್ಪತ್ತು, ನೂರು, ಸಾವಿರ. ರೋಮನ್ ಅಂಕಿಗಳಲ್ಲಿ ಸೊನ್ನೆಯಿಲ್ಲ, ಕೂಡಿ ಕಳೆಯುವುದು ಕಷ್ಟ. ಆ ಕಷ್ಟವನ್ನು ಬಟ್ಟೆ ನೀಗಿಸುತ್ತಿತ್ತು. ಓದು ಬಾರದ ಜಿಲ್ಲಾಧಿಕಾರಿಗೂ ತಾನು ಎಷ್ಟು ಕಟ್ಟಿದ್ದೇನೆ, ಎಷ್ಟು ಬಾಕಿ ಅಂತ ಕಣ್ಣಿಗೆ ಕಾಣುತ್ತಿತ್ತು.

ಇದಕ್ಕೆ ‘ಎಕ್ಸ್‌ಚೆಕರ್’ ಅನ್ನುವುದೇಕೆ ಎಂದು ಶಿಷ್ಯ ಕೇಳುತ್ತಾನೆ. ಚದುರಂಗದ ಹಾಸಿನ ಹಾಗಿದೆಯಲ್ಲ ಅದಕ್ಕೆ ಅನ್ನುತ್ತಾನೆ ಗುರು. ಇಲ್ಲೂ ಒಂದು ಕಾಳಗ ನಡೆಯುತ್ತದೆ, ಖಜಾಂಚಿ ಒಂದು ಕಡೆ, ಲೆಕ್ಕ ಒಪ್ಪಿಸುವವನು ಇನ್ನೊಂದು ಕಡೆ ಎಂದೂ ಹೇಳುತ್ತಾನೆ. ಬ್ರಿಟನ್ನಿನ ಹಣಕಾಸು ಮಂತ್ರಿಗೆ ಇವತ್ತಿಗೂ ‘ಚಾನ್ಸಲರ್ ಆಫ್ ದಿ ಎಕ್ಸ್‌ಚೆಕರ್’ ಎಂದೇ ಹೆಸರು. ಚೌಕಚೌಕದ ಗೆರೆ ಇರುವ ಬಟ್ಟೆಗೆಲ್ಲ ‘ಚೆಕ್’ ಎಂಬ ಹೆಸರು ಬಂದಿದ್ದೂ ಈ ಹಾಸಿನ ಕಡೆಯಿಂದಲೇ.

ಇನ್ನು ಬ್ಯಾಂಕಿನ ಚೆಕ್. 18ನೇ ಶತಮಾನದ ಆರಂಭದಲ್ಲಿ ಚೆಕ್ ಅಂದರೆ ಹಣದ ಚೀಟಿ ಅಲ್ಲ, ಕೊಟ್ಟವರ ಬಳಿಯೇ ಉಳಿಯುವ ಅದರ ತುಂಡು, ಅಂದರೆ ಕೌಂಟರ್‌ಫಾಯಿಲ್. ಚೀಟಿಯನ್ನು ಯಾರಾದರೂ ತಿದ್ದಿದರೆ ಕೌಂಟರ್‌ಫಾಯಿಲಿನ ಜೊತೆ ಹೋಲಿಸಿ ಹಿಡಿಯಬಹುದು. ಮೋಸಕ್ಕೆ ತಡೆ, ಅಂದರೆ ಚೆಕ್. ನಿಧಾನಕ್ಕೆ ಹೆಸರು ಚೀಟಿಗೇ ಅಂಟಿತು. ಅಮೆರಿಕದವರು ಹಳೆಯ ಕಾಗುಣಿತವನ್ನೇ (check) ಉಳಿಸಿಕೊಂಡರು. ಇಂಗ್ಲೆಂಡಿನವರು ಎಕ್ಸ್‌ಚೆಕರಿನ ಕಾಗುಣಿತ ನೋಡಿ ಬದಲಿಸಿಕೊಂಡರು (cheque). ನಮಗೆ ಬಂದಿದ್ದು ಅದು.

ಈಗ ನಿಮ್ಮ ಅಳಿಯಂದಿರ ‘ಸಕ್’. ಅರಬ್ ವರ್ತಕರು ಸಾವಿರ ವರ್ಷದ ಹಿಂದೆಯೇ ಸಕ್ ಎಂಬ ಹಣದ ಪತ್ರ ಬಳಸುತ್ತಿದ್ದರು, ಅದು ನಿಜ. ಆದರೆ ಇಂಗ್ಲಿಷಿನ ಚೆಕ್ ಮೊದಲು ಕೌಂಟರ್‌ಫಾಯಿಲ್ ಆಗಿತ್ತು, ಹಣದ ಪತ್ರ ಆಗಿದ್ದು ಆಮೇಲೆ. ಸಕ್‌ನಿಂದಲೇ ಬಂದಿದ್ದರೆ ಈ ಕ್ರಮ ತಿರುಗುಮುರುಗು ಆಗಬೇಕಿತ್ತು. ಸದ್ದು ಹೊಂದಿದ ಮಾತ್ರಕ್ಕೆ ನೆಂಟಸ್ತನ ಕಟ್ಟಬಾರದು. ನಿಮ್ಮ ಮೊಮ್ಮಗಳ ಪಟ್ಟಿಯಲ್ಲೇ ಇದಕ್ಕೆ ಉದಾಹರಣೆ ಇದೆ. ಚೆಕ್ ದೇಶದ ಹೆಸರು ಅಲ್ಲಿನ ಜನರ ಹೆಸರು, ಶಾಹನಿಗೂ ಅದಕ್ಕೂ ಸಂಬಂಧವಿಲ್ಲ. ಅದೊಂದರಲ್ಲಿ ನಿಮ್ಮ ಮಾತು ಸರಿ. ನಮ್ಮಲ್ಲೂ ಇಂಥದ್ದು ಇದೆ. ಜಮೀನಿನ ಕ್ರಯಪತ್ರದಲ್ಲಿ ‘ಚೆಕ್ಕುಬಂದಿ’ ಅಂತ ಬರೆದು ಪೂರ್ವಕ್ಕೆ ಇಂಥವರ ಗದ್ದೆ, ಪಶ್ಚಿಮಕ್ಕೆ ಹಳ್ಳ ಅಂತ ನಮೂದಿಸುತ್ತಾರಲ್ಲ, ಅದು ಇಂಗ್ಲಿಷಿನ ಚೆಕ್ ಅಲ್ಲ. ಹಿಂದೂಸ್ತಾನಿಯ ‘ಚಕ್‌ಬಂದಿ’. ಚಕ್ ಅಂದರೆ ಜಮೀನಿನ ತುಂಡು.

ಹಾಗಾದರೆ ಶಾಹ್ ನಮ್ಮಲ್ಲಿಗೆ ಬರಲೇ ಇಲ್ಲವೇ? ಬಂದ, ಇಂಗ್ಲಿಷಿನವರಿಗಿಂತ ಮೊದಲೇ ಬಂದ. ವಿಜಯಪುರದ ಆದಿಲ್‌ಶಾಹಿಗಳ ಹೆಸರಿನಲ್ಲೇ ಇದ್ದಾನೆ. ಇವತ್ತು ‘ಬಂಡವಾಳಶಾಹಿ’, ‘ಅಧಿಕಾರಶಾಹಿ’, ‘ಪುರೋಹಿತಶಾಹಿ’ ಎಂದು ನಾವು ಭಾಷಣ ಮಾಡುವಾಗಲೂ ಬಾಯಿಗೆ ಬರುವವನು ಅವನೇ. ಚೆಕ್ಕಿಗೂ ಬಂಡವಾಳಶಾಹಿಗೂ ತಾತ ಒಬ್ಬನೇ! ಚೆಕ್ಕನ್ನು ಹೊರಗಿನದು ಅಂತ ಕಳಿಸಿದರೆ ಇವೂ ಹೊರಡಬೇಕು. ಅರ್ಜಿ, ಖಾತೆ, ಜಮೀನು, ರಜೆ, ಕಾಗದ ಎಲ್ಲ ಹೊರಡಬೇಕು. ‘ರೈತ’ ಕೂಡ ಅರಬ್ಬಿಯ ‘ರಯ್ಯತ್’ನಿಂದ ಬಂದವನು, ಅಲ್ಲಿ ಅದಕ್ಕೆ ಪ್ರಜೆ ಎಂಬ ಅರ್ಥ. ರೈತನನ್ನು ಕನ್ನಡದವನಲ್ಲ ಅನ್ನುವ ಧೈರ್ಯ ಯಾರಿಗಿದೆ? ನನಗಂತೂ ಇಲ್ಲ.

ಆ ಕಪ್ಪು ಬಟ್ಟೆಯ ಬಗ್ಗೆ ಓದಿದಾಗಲೆಲ್ಲ ನನಗೆ ನಮ್ಮ ‘ಕಡತ’ ನೆನಪಾಗುತ್ತದೆ. ಕಚೇರಿಯಲ್ಲಿ ಈಗ ಕಡತ ಅಂದರೆ ಫೈಲು. ಹಿಂದೆ ಅದು ಬಟ್ಟೆ. ಹುಣಸೆ ಬೀಜದ ಸರಿ, ಇದ್ದಿಲ ಪುಡಿ ಬಳಿದು ಒಣಗಿಸಿ, ಮಡಿಕೆ ಮಾಡಿ, ಬಳಪದಲ್ಲಿ ಬರೆಯುತ್ತಿದ್ದರು. ವರ್ತಕರ ಲೆಕ್ಕ, ಮಠಗಳ ದಾಖಲೆ ಎಲ್ಲ ಅದರಲ್ಲಿ. ಅಲ್ಲಿ ಬಟ್ಟೆಯ ಹೆಸರು ಹಣಕಾಸು ಇಲಾಖೆಗೆ ಬಂತು, ಇಲ್ಲಿ ಬಟ್ಟೆಯ ಹೆಸರು ಸರ್ಕಾರದ ಫೈಲಿಗೆ ಬಂತು. ಎಕ್ಸ್‌ಚೆಕರಿನ ಕಥೆ ಇಂಗ್ಲೆಂಡಿನಲ್ಲಿ ಸಾಮಾನ್ಯ ಓದುಗನಿಗೂ ಸಿಗುತ್ತದೆ. ಕಡತದ ಕಥೆಯನ್ನು ನಮ್ಮ ಎಷ್ಟು ಶಾಲೆಗಳಲ್ಲಿ ಹೇಳುತ್ತಾರೆ?

ನನ್ನ ಸಿಟ್ಟು ಇರುವುದು ಇಲ್ಲಿ. ಅವರಿಗೆ ಈ ಜಾಡು ಸುಮ್ನೆ ಸಿಗಲಿಲ್ಲ. 1879ರಲ್ಲಿ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಸಂಪಾದಕ ಜೇಮ್ಸ್ ಮರ್ರೆ ಓದುಗರಿಗೆಲ್ಲ ಕರೆ ಕೊಟ್ಟ: ಹಳೆಯ ಪುಸ್ತಕ ಓದಿ, ಪದ ಕಂಡ ಸಾಲನ್ನು ವರ್ಷದ ಸಮೇತ ಚೀಟಿಯಲ್ಲಿ ಬರೆದು ಕಳಿಸಿ. ಲಕ್ಷಗಟ್ಟಲೆ ಚೀಟಿ ಬಂದವು. ಆಕ್ಸ್‌ಫರ್ಡಿನ ಅವನ ಮನೆ ಮುಂದೆ ಅಂಚೆಯವರು ಒಂದು ಡಬ್ಬಿಯನ್ನೇ ನೆಟ್ಟರು. 1884ರಲ್ಲಿ ನಿಘಂಟಿನ ಮೊದಲ ಕಂತು, 1928ರಲ್ಲಿ ಕೊನೆಯದು. ನಮ್ಮವರೂ ಕಮ್ಮಿ ದುಡಿದಿಲ್ಲ. ಕಿಟೆಲ್ಲರ ನಿಘಂಟು 1894ರದ್ದು. ಸಾಹಿತ್ಯ ಪರಿಷತ್ತಿನ ನಿಘಂಟಿನ ಎಂಟು ಸಂಪುಟಗಳಲ್ಲಿ ಶಾಸನದ, ಕಾವ್ಯದ ಸಾಲುಗಳೇ ಇವೆ. ಜಿ. ವೆಂಕಟಸುಬ್ಬಯ್ಯನವರು ಪತ್ರಿಕೆಯ ಅಂಕಣದಲ್ಲಿ ವರ್ಷಗಟ್ಟಲೆ ಓದುಗರ ಇಂಥ ಪ್ರಶ್ನೆಗಳಿಗೆ ಉತ್ತರ ಕೊಟ್ಟರು. ಆ ಸಂಪುಟಗಳನ್ನು ಬೀರುವಿಗೆ ಹಾಕಿ ಬೀಗ ಜಡಿದವರು ನಾವು. ಹುಡುಗರು ಡಿಕ್ಷನರಿ ತೆಗೆದರೆ ಕಾಗುಣಿತಕ್ಕೆ ಮಾತ್ರ. ಕ್ರಯಪತ್ರ, ಅಂಗಡಿಯ ಖಾತೆ ಪುಸ್ತಕ, ಶಾನುಭೋಗರ ಲೆಕ್ಕ, ಜನ ದಿನವೂ ಬಳಸಿದ ಪದಗಳಿದ್ದ ಈ ಕಾಗದವೆಲ್ಲ ತೂಕಕ್ಕೆ ಗುಜರಿಗೆ ಹೋಗುತ್ತಿದೆ. ಮನೆ ಒಡೆದು ಕಟ್ಟುವಾಗ ಅಟ್ಟದಲ್ಲಿದ್ದುದನ್ನು ಯಾರೂ ಬಿಚ್ಚಿ ಕೂಡ ನೋಡುವುದಿಲ್ಲ. ಆಮೇಲೆ ಅಚ್ಚಗನ್ನಡ ಯಾವುದು ಅಂತ ಜಗಳ ಮಾತ್ರ ಜೋರು.

ನಿಮ್ಮ ತಂದೆಯವರ ಕಾಲದ ಜಮೀನು ಪತ್ರಗಳು ಮನೆಯಲ್ಲಿವೆ ಎಂದು ಪತ್ರದ ಕೊನೆಯಲ್ಲಿ ಬರೆದಿದ್ದೀರಿ. ಮೊಮ್ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡು ಓದಿ. ಈಗ ಯಾರೂ ಆಡದ ಪದಗಳನ್ನು ಇಡೀ ಸಾಲಿನೊಂದಿಗೆ, ಪತ್ರದ ವರ್ಷದೊಂದಿಗೆ ಬರೆದು ಕಳಿಸಿ. ಹೆಸರು, ಸರ್ವೆ ನಂಬರು ಬೇಡ, ಪದ ಸಾಕು. ಬಂದಷ್ಟನ್ನೂ ಅಚ್ಚು ಹಾಕುತ್ತೇವೆ. ಮತ್ತೆ, ಬ್ಯಾಂಕಿನ ಚೆಕ್ಕನ್ನು ನಮ್ಮ ಪತ್ರಿಕೆ ಚೆಕ್ ಎಂದೇ ಬರೆಯುತ್ತದೆ.