ಹನ್ನೊಂದು ಸೀರೆಗಳ ಲೆಕ್ಕ

ಇಳಕಲ್ಲಿನ ಸಹೋದರಿಗೆ ನಮಸ್ಕಾರ.

ನಿಮ್ಮ ನಾಲ್ಕು ಪುಟಗಳ ಪತ್ರವನ್ನು ಎರಡು ಸಲ ಓದಿದೆ. ನಿಮ್ಮ ಹೆಸರನ್ನಾಗಲಿ ಅಂಗಡಿಯ ಗುರುತನ್ನಾಗಲಿ ಪ್ರಕಟಿಸಬಾರದೆಂದು ಕೋರಿದ್ದೀರಿ, ಹಾಗೆಯೇ ಆಗಲಿ. ಉಳಿದ ಓದುಗರಿಗೆ ವಿಷಯ ತಿಳಿಯಲೆಂದು ಪತ್ರದ ಸಾರವನ್ನು ಮೊದಲು ಹೇಳಿಬಿಡುತ್ತೇನೆ.

ಪತ್ರ ಬರೆದವರು ಒಂಬತ್ತು ವರ್ಷಗಳಿಂದ ಕೈಮಗ್ಗದ ಇಳಕಲ್ ಸೀರೆಗಳನ್ನು ಮಾರುತ್ತಿದ್ದಾರೆ. ಅಂಗಡಿಯ ಮೆಟ್ಟಿಲು ಹತ್ತುವವರಿಗಿಂತ ವಾಟ್ಸ್‌ಆ್ಯಪ್‌ನಲ್ಲಿ, ಇನ್‌ಸ್ಟಾಗ್ರಾಂನಲ್ಲಿ ನೋಡಿ ತರಿಸಿಕೊಳ್ಳುವ ಗಿರಾಕಿಗಳೇ ಅವರಿಗೆ ಈಗ ಹೆಚ್ಚು, ಅದರಲ್ಲೂ ಪುಣೆ, ಸೊಲ್ಲಾಪುರದ ಕಡೆಯವರು. ಕಳೆದ ದೀಪಾವಳಿಯ ಮುಂಚೆ ಬೇಡಿಕೆ ಕೈಮೀರಿದಾಗ ಬೇರೊಬ್ಬ ವರ್ತಕರಿಂದ ಹನ್ನೊಂದು ಸೀರೆಗಳನ್ನು ತಂದು, ಕೈಮಗ್ಗದವೆಂದೇ ತಲಾ 3,800 ರೂಪಾಯಿಗೆ ಮಾರಿದರು. ಅವು ಪವರ್‌ಲೂಮಿನ ಸೀರೆಗಳಾಗಿದ್ದವು. ಪುಣೆಯ ಗಿರಾಕಿಯೊಬ್ಬರು ಸೆರಗಿನ ಫೋಟೊ ಸಮೇತ ಗೂಗಲ್‌ನಲ್ಲಿ ಒಂದು ಸ್ಟಾರ್ ಕೊಟ್ಟು ಮರಾಠಿಯಲ್ಲಿ ದೂರು ಬರೆದರು. ಅದು ಸೀರೆಪ್ರಿಯರ ಫೇಸ್‌ಬುಕ್ ಗುಂಪೊಂದನ್ನು ಸೇರಿ, ಬಾಯಿಂದ ಬಾಯಿಗೆ ಬೆಳೆದು, ‘ಇವರ ಎಲ್ಲ ಸೀರೆಗಳೂ ನಕಲಿ’, ‘ನೇಕಾರರಿಗೆ ಮಜೂರಿಯನ್ನೇ ಕೊಡುವುದಿಲ್ಲ’ ಎಂಬಲ್ಲಿಗೆ ಹೋಗಿ ಮುಟ್ಟಿದೆ. ಈಗ ಅಂಗಡಿಯ ಹೆಸರನ್ನು ಹುಡುಕಿದವರಿಗೆ ಮೊದಲು ಕಾಣುವುದೇ ಈ ಮಾತು. ಏಜೆನ್ಸಿಯೊಂದು 35,000 ರೂಪಾಯಿ ಕೊಟ್ಟರೆ ಕೆಟ್ಟ ರಿವ್ಯೂ ತೆಗೆಸಿ, ಐವತ್ತು ಒಳ್ಳೆಯ ರಿವ್ಯೂ ಹಾಕಿಸುವುದಾಗಿ ಹೇಳಿದೆ. ಆ ಹಣ ಕೊಡಲೇ, ಮಾನನಷ್ಟದ ಮೊಕದ್ದಮೆ ಹೂಡಲೇ, ಇಲ್ಲವೇ ಅಂಗಡಿಯ ಹೆಸರನ್ನೇ ಬದಲಿಸಲೇ ಎಂಬುದು ಅವರ ಪ್ರಶ್ನೆ.

ನಿಮ್ಮ ಪತ್ರದ ಮೂರನೆಯ ಪುಟದಲ್ಲಿ ಒಂದು ವಾಕ್ಯವಿದೆ: ‘ಸೆರಗು ನೋಡಿದಾಗ ನನಗೂ ಅನುಮಾನ ಬಂದಿತ್ತು, ಹಬ್ಬದ ಗಡಿಬಿಡಿಯಲ್ಲಿ ಸುಮ್ಮನಾದೆ.’ ಉಳಿದ ಪುಟಗಳಲ್ಲಿ ಸಂಕಟವಿದೆ, ಸಿಟ್ಟಿದೆ, ನಿದ್ದೆಯಿಲ್ಲದ ರಾತ್ರಿಗಳಿವೆ. ಆದರೆ ನಿಮ್ಮ ಹೆಸರನ್ನು ಉಳಿಸಬಲ್ಲ ಮಾತು ಇದೊಂದೇ. ಎಂದೂ ನೋಡದ ನನಗೆ ಇದನ್ನು ಬರೆದಿದ್ದೀರಿ. ಬರೆಯಬೇಕಾಗಿದ್ದುದು ಪುಣೆಯ ಆ ತಾಯಿಗೆ, ಅವರು ದೂರು ಬರೆದ ಜಾಗದಲ್ಲಿಯೇ.

ಪವರ್‌ಲೂಮಿನ ಸೀರೆಯನ್ನು ನಾನು ಹೀಗಳೆಯುತ್ತಿಲ್ಲ. ರಬಕವಿ-ಬನಹಟ್ಟಿಯಲ್ಲಿ ಎಷ್ಟೋ ಮನೆಗಳ ಒಲೆ ಉರಿಯುವುದು ಆ ಮಗ್ಗಗಳಿಂದಲೇ. ತಪ್ಪಾದದ್ದು ನೀವು ಹೇಳಿದ ಮಾತಿನಲ್ಲಿ. ಕೈಮಗ್ಗದ ಇಳಕಲ್ ಸೀರೆಯಲ್ಲಿ ಒಡಲು ಮತ್ತು ಸೆರಗು ಕೂಡುವ ಜಾಗ ಎಂಥದೆಂದು ನಿಮಗೆ ನಾನು ಹೇಳಬೇಕಾಗಿಲ್ಲ: ಒಡಲಿನ ಹಾಸಿನ, ಎಂದರೆ ಉದ್ದಕ್ಕೆ ಹೂಡುವ, ಎಳೆಯನ್ನೂ ಸೆರಗಿನ ಹಾಸಿನ ಎಳೆಯನ್ನೂ ಕುಣಿಕೆ ಮಾಡಿ ಒಂದರೊಳಗೊಂದು ಸಿಕ್ಕಿಸುವ ಕೊಂಡಿಯ ಕೆಲಸವದು, ಟೋಪ್ ತೆನಿ ಎಂಬ ಇಳಕಲ್ಲಿನ ಸಾಂಪ್ರದಾಯಿಕ ಸೆರಗಿಗಾಗಿ ಸೀರೆಯೊಂದಕ್ಕೆ ಬೇರೆಯಾಗಿಯೇ ಹಾಸು ಹೂಡಬೇಕಾಗುವುದು ಇದರಿಂದಲೇ. ಪುಣೆಯವರು ದುಡ್ಡು ಕೊಟ್ಟದ್ದು ಆ ಕೊಂಡಿಗೆ. ಫೋಟೊದಲ್ಲಿ ಅವರು ಬೆರಳಿಟ್ಟು ತೋರಿಸಿದ್ದೂ ಅದೇ ಜಾಗವನ್ನು. ಅವರಿಗೆ ಸೀರೆಯ ಬಗ್ಗೆ ಗೊತ್ತಿದೆ, ಪ್ರೀತಿಯೂ ಇದೆ. ಅವರನ್ನು ನಿಮ್ಮ ವೈರಿಯೆಂದು ಭಾವಿಸುವುದನ್ನು ದಯವಿಟ್ಟು ಇಂದೇ ಬಿಡಿ.

ಆದ್ದರಿಂದ ಮೊದಲು ಒಂದು ಹಾಳೆ ತೆಗೆದುಕೊಂಡು ನಡುವೆ ಗೆರೆ ಎಳೆಯಿರಿ. ನಿಮ್ಮ ಮೇಲಿನ ಮಾತುಗಳಲ್ಲಿ ನಿಜವಾದುದನ್ನು ಒಂದು ಕಡೆ, ಸುಳ್ಳಾದುದನ್ನು ಇನ್ನೊಂದು ಕಡೆ ಬರೆಯಿರಿ. ಹನ್ನೊಂದು ಸೀರೆಗಳ ವಿಷಯ ನಿಜ. ಎಲ್ಲ ಸೀರೆಗಳೂ ನಕಲಿ ಎಂಬುದು ಸುಳ್ಳು. ಮಜೂರಿಯ ಮಾತಂತೂ, ನಿಮ್ಮ ವಹಿಯ ಪುಟಗಳ ಪ್ರತಿಯನ್ನು ನೋಡಿದ ಮೇಲೆ ಹೇಳುತ್ತೇನೆ, ಹಸಿ ಸುಳ್ಳು. ನಿಜವನ್ನೂ ಸುಳ್ಳನ್ನೂ ಒಂದೇ ಉಸಿರಿನಲ್ಲಿ ಅಲ್ಲಗಳೆಯಲು ಹೊರಟದ್ದರಿಂದಲೇ ನೀವು ಇಷ್ಟು ದಿನ ಬರೆದ ಉತ್ತರಗಳನ್ನು ಯಾರೂ ನಂಬಲಿಲ್ಲ. ನಿಜವನ್ನು ಒಪ್ಪಿಕೊಂಡವರು ಸುಳ್ಳನ್ನು ಸುಳ್ಳೆಂದಾಗ ಮಾತ್ರ ಜನ ಕಿವಿಗೊಡುತ್ತಾರೆ.

ಅಂತರ್ಜಾಲದಲ್ಲಿ ಏನನ್ನಾದರೂ ಬರೆಯುವ ಮುಂಚೆ ಅದರ ಹೊರಗೆ ಮಾಡಬೇಕಾದ ಕೆಲಸವಿದೆ. ಪುಣೆಯವರಿಗೆ ಫೋನ್ ಮಾಡಿ, ತಪ್ಪನ್ನು ಹೇಳಿ, ಪೂರ್ತಿ ಹಣವನ್ನೂ ಸೀರೆ ಮರಳಿ ಕಳಿಸುವ ಕೊರಿಯರ್ ಖರ್ಚನ್ನೂ ಕೊಡಿ. ರಿವ್ಯೂ ತೆಗೆಯಿರಿ ಎಂದು ಅವರನ್ನು ಕೇಳಬೇಡಿ. ಹಾಗೆ ಕೇಳಿದ ಕ್ಷಣ ಆ ಹಣ ಪರಿಹಾರವಾಗಿ ಉಳಿಯದೆ ಬಾಯಿ ಮುಚ್ಚಿಸುವ ಬೆಲೆಯಾಗುತ್ತದೆ. ತಾವು ಬರೆದ ರಿವ್ಯೂವನ್ನು ಯಾವಾಗ ಬೇಕಾದರೂ ತಿದ್ದುವ ಅವಕಾಶ ಗೂಗಲ್‌ನಲ್ಲಿ ಅವರಿಗೆ ಇದ್ದೇ ಇದೆ, ಆ ನಿರ್ಧಾರ ಅವರದೇ ಆಗಿರಲಿ. ಇದಾದ ಮೇಲೆ ಉಳಿದ ಹತ್ತು ಮಂದಿ. ಅವರಲ್ಲಿ ಯಾರೂ ಇನ್ನೂ ದೂರಿಲ್ಲ, ಬಹುಶಃ ಗೊತ್ತೂ ಆಗಿಲ್ಲ ಎಂದು ನೀವು ಬರೆದಿದ್ದೀರಿ. ಅವರಿಗೆ ತಾವಾಗಿ ತಿಳಿಯುವ ಮುಂಚೆ ನೀವೇ ತಿಳಿಸಿ, ಅದೇ ಲೆಕ್ಕ ಒಪ್ಪಿಸಿ. ಇಡೀ ಉತ್ತರದಲ್ಲಿ ನಾನು ಹಟ ಹಿಡಿದು ಹೇಳುವ ಮಾತು ಇದೊಂದೇ. ಕೊರಿಯರ್ ಖರ್ಚು ಬಿಟ್ಟು ಹನ್ನೊಂದು ಸೀರೆಗಳಿಗೆ 41,800 ರೂಪಾಯಿ ಆಗುತ್ತದೆ. ಏಜೆನ್ಸಿಗೆ ಕೊಡಲು ನೀವು ಹೊಂದಿಸಿಟ್ಟುಕೊಂಡ ಹಣಕ್ಕಿಂತ 6,800 ಹೆಚ್ಚು, ಅಷ್ಟೇ. ಕಾನೂನಿನ ಲೆಕ್ಕದಲ್ಲಿಯೂ ಇದು ವಿವೇಕದ ಕೆಲಸ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಗ್ರಾಹಕರು ತಾವು ವಾಸಿಸುವ ಊರಿನ ಜಿಲ್ಲಾ ಆಯೋಗದಲ್ಲಿಯೇ ದೂರು ಕೊಡಬಹುದು. ಹನ್ನೊಂದು ಗಿರಾಕಿಗಳೂ ಬೇರೆ ಬೇರೆ ಊರುಗಳಲ್ಲಿ ದೂರು ಕೊಟ್ಟರೆ ಇಳಕಲ್ಲಿನಿಂದ ನೀವು ಎಷ್ಟು ಊರುಗಳಿಗೆ ಓಡಾಡಬೇಕಾದೀತು ಎಂಬುದನ್ನು ಯೋಚಿಸಿ.

ಇಷ್ಟು ಆದ ಮೇಲೆ ಆ ರಿವ್ಯೂದ ಕೆಳಗೆ ಅಂಗಡಿಯ ಮಾಲೀಕರಾಗಿ ಉತ್ತರ ಬರೆಯಿರಿ. ಅವರು ಮರಾಠಿಯಲ್ಲಿ ಬರೆದಿದ್ದಾರೆ, ಆದ್ದರಿಂದ ಮರಾಠಿಯಲ್ಲಿಯೂ ಕನ್ನಡದಲ್ಲಿಯೂ ಇರಲಿ. ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ: ‘ನೀವು ಬರೆದದ್ದು ನಿಜ. ಕೈಮಗ್ಗದ್ದೆಂದು ನಾವು ನಿಮಗೆ ಮಾರಿದ ಸೀರೆ ಪವರ್‌ಲೂಮಿನದು. ಹೊರಗಿನಿಂದ ತಂದ ಮಾಲನ್ನು ಅನುಮಾನ ಬಂದರೂ ಪರೀಕ್ಷಿಸದೆ ಮಾರಿದ್ದು ನನ್ನ ತಪ್ಪು. ಅಂಥ ಹನ್ನೊಂದು ಸೀರೆಗಳನ್ನು ಮಾರಿದ್ದೆ. ಹನ್ನೊಂದೂ ಮಂದಿಗೆ ತಿಳಿಸಿ ಪೂರ್ತಿ ಹಣ ಮರಳಿಸಿದ್ದೇನೆ. ಈಗ ನಮ್ಮ ನೇಕಾರರ ಮಗ್ಗದ ಸೀರೆಗಳನ್ನಷ್ಟೇ ಕೈಮಗ್ಗದವೆಂದು ಮಾರುತ್ತಿದ್ದೇನೆ.’ ಕೆಳಗೆ ನಿಮ್ಮ ಹೆಸರು ಇರಲಿ, ಅಂಗಡಿಯ ಹೆಸರಷ್ಟೇ ಸಾಲದು.

ನೀವು ಕಳಿಸಿದ ಕರಡಿನಲ್ಲಿ ‘ತಮಗೇನಾದರೂ ಅನಾನುಕೂಲ ಆಗಿದ್ದಲ್ಲಿ ಕ್ಷಮೆಯಿರಲಿ’ ಎಂದಿದೆ. ‘ಆಗಿದ್ದಲ್ಲಿ’ ಎಂಬ ಆ ಒಂದು ಪದ ಕ್ಷಮೆಯನ್ನು ಒಂದು ಕೈಯಿಂದ ಕೊಟ್ಟು ಇನ್ನೊಂದು ಕೈಯಿಂದ ಕಸಿದುಕೊಳ್ಳುತ್ತದೆ, ಅದನ್ನು ಹೊಡೆದುಹಾಕಿ. ಗಿರಾಕಿಯ ವಿಳಾಸ, ಫೋನ್ ನಂಬರು, ನಿಮ್ಮಿಬ್ಬರ ವಾಟ್ಸ್‌ಆ್ಯಪ್ ಮಾತುಕತೆಯ ಸ್ಕ್ರೀನ್‌ಶಾಟ್ ಯಾವುದನ್ನೂ ಹಾಕಬೇಡಿ, ಅದರಿಂದ ನಿಮ್ಮ ವಾದ ಗಟ್ಟಿಯಾಗುತ್ತದೆ ಎನಿಸಿದರೂ ಬೇಡ. ಈ ಉತ್ತರವನ್ನು ಪುಣೆಯವರು ಓದುತ್ತಾರೆ, ನಿಜ. ಆದರೆ ಇದರ ನಿಜವಾದ ಓದುಗರು ಬರುವ ವರ್ಷ ಮಗಳ ಮದುವೆಗೆ ಸೀರೆ ಹುಡುಕುತ್ತ ನಿಮ್ಮ ಅಂಗಡಿಯ ಹೆಸರಿನ ಮೇಲೆ ಬೆರಳೊತ್ತುವ ಯಾರೋ ಅಪರಿಚಿತರು. ಒಂದು ಸ್ಟಾರನ್ನು ಅವರು ನೋಡಿಯೇ ನೋಡುತ್ತಾರೆ. ಅದರ ಕೆಳಗೆ ಏನಿದೆ ಎಂಬುದಷ್ಟೇ ನಿಮ್ಮ ಕೈಯಲ್ಲಿರುವುದು.

ದೂರು ಇರುವ ಜಾಗದಲ್ಲಿಯೇ ಉತ್ತರ ಇರಬೇಕೆಂದು ನಾನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಕೆಲವು ವರ್ಷಗಳ ಹಿಂದೆ ನಮ್ಮ ಪತ್ರಿಕೆಯಲ್ಲಿಯೇ ಸಹಕಾರಿ ಸಂಘವೊಂದರ ಹಣ ದುರ್ಬಳಕೆಯ ವರದಿಯಲ್ಲಿ, ಒಂದೇ ಹೆಸರಿನ ಇಬ್ಬರಿದ್ದುದರಿಂದ, ಸಂಬಂಧವೇ ಇಲ್ಲದವರ ಭಾವಚಿತ್ರ ಅಚ್ಚಾಯಿತು. ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ ಪ್ರಕಟಿಸಿ, ನಮ್ಮ ಕರ್ತವ್ಯ ಮುಗಿಯಿತೆಂದು ನಾನು ತಿಳಿದೆ. ಎಂಟು ತಿಂಗಳ ನಂತರ ಆ ಹಿರಿಯರು ನಮ್ಮ ಕಚೇರಿಗೆ ಬಂದು, ನನ್ನ ಮೇಜಿನ ಮೇಲೆ ತಮ್ಮ ಫೋನ್ ಇಟ್ಟರು. ನಮ್ಮ ಜಾಲತಾಣದಲ್ಲಿ ಹಳೆಯ ವರದಿ, ಅವರ ಚಿತ್ರದೊಂದಿಗೆ, ಹಾಗೆಯೇ ಇತ್ತು. ಕಾಗದದ ತಿದ್ದುಪಡಿಯನ್ನು ಯಾರೂ ನೆನಪಿಟ್ಟಿರಲಿಲ್ಲ. ಜಾಲತಾಣದ ತಪ್ಪನ್ನು ಅವರ ಬೀಗರಾಗಬೇಕಾದವರು ಓದಿದ್ದರು. ಆ ಹಿರಿಯರು ಒಂದೂ ಬಿರುನುಡಿ ಆಡಲಿಲ್ಲ. ಆ ದಿನವೇ ಚಿತ್ರವನ್ನು ತೆಗೆದು, ವರದಿಯ ತಲೆಯ ಮೇಲೆಯೇ ನಮ್ಮ ತಪ್ಪನ್ನು ದಿನಾಂಕ ಸಹಿತ ಬರೆದೆವು. ಆ ಎಂಟು ತಿಂಗಳುಗಳನ್ನು ಅವರಿಗೆ ಮರಳಿ ಕೊಡುವ ಉಪಾಯ ನನಗೆ ಇಂದಿಗೂ ಗೊತ್ತಿಲ್ಲ.

ಇನ್ನು ಸುಳ್ಳುಗಳ ಮಾತು. ಮಜೂರಿಯ ಆರೋಪ ಇರುವ ಪ್ರತಿಯೊಂದು ಬರಹದ ಸ್ಕ್ರೀನ್‌ಶಾಟನ್ನು ದಿನಾಂಕ, ಸಮಯ, ಜಾಲವಿಳಾಸ (ಲಿಂಕ್) ಕಾಣುವಂತೆ ತೆಗೆದಿಡಿ. ಗುಂಪನ್ನು ನಡೆಸುವವರಿಗೆ ಮಜೂರಿ ವಹಿಯ ಪ್ರತಿಯೊಂದಿಗೆ ಸಭ್ಯವಾಗಿ ಬರೆಯಿರಿ. ನಿಮ್ಮ ನೇಕಾರರು ತಾವಾಗಿ ಮುಂದೆ ಬಂದರೆ ಅವರೇ ಎರಡು ಮಾತು ಹೇಳಲಿ, ನೀವು ಮಾತ್ರ ಹೇಳಿಕೊಡಬೇಡಿ. ಅದರಿಂದ ಆಗದಿದ್ದರೆ ಫೇಸ್‌ಬುಕ್‌ನಂಥ ಆಯಾ ಸಂಸ್ಥೆಯ ಕುಂದುಕೊರತೆ ಅಧಿಕಾರಿಗೆ ದೂರು ಕೊಡಿ. 2021ರ ಮಾಹಿತಿ ತಂತ್ರಜ್ಞಾನ ನಿಯಮಗಳ ಪ್ರಕಾರ ದೂರು ತಲುಪಿದ್ದಕ್ಕೆ ಅವರು 24 ಗಂಟೆಗಳೊಳಗೆ ಸ್ವೀಕೃತಿ ಕೊಡಬೇಕು, ಅವರ ತೀರ್ಮಾನ ಒಪ್ಪಿಗೆಯಾಗದಿದ್ದರೆ ಕೇಂದ್ರ ಸರ್ಕಾರದ ಮೇಲ್ಮನವಿ ಸಮಿತಿಯ ಮುಂದೆ ಹೋಗಬಹುದು. ಗೂಗಲ್ ರಿವ್ಯೂದ ಬಗ್ಗೆ ಮಾತ್ರ ಆಸೆ ಇಟ್ಟುಕೊಳ್ಳಬೇಡಿ. ಬೈಗುಳ, ಸುಳ್ಳು ಖಾತೆ, ವಿಷಯಕ್ಕೆ ಸಂಬಂಧವಿಲ್ಲದ ಬರಹಗಳನ್ನು ಅವರು ತೆಗೆಯುತ್ತಾರೆ. ವ್ಯಾಪಾರಿ ಮತ್ತು ಗಿರಾಕಿಯ ನಡುವಿನ ನಿಜ-ಸುಳ್ಳಿನ ತಕರಾರಿನಲ್ಲಿ ಪಂಚಾಯಿತಿ ಮಾಡುವುದಿಲ್ಲ. ಪುಣೆಯವರ ರಿವ್ಯೂ ನಿಜವಾದ ಗಿರಾಕಿಯ ನಿಜವಾದ ಅನುಭವ. ಅದು ಅಲ್ಲಿಯೇ ಇರುತ್ತದೆ, ಇರಬೇಕಾದದ್ದೂ ಹೌದು.

ಮಾನನಷ್ಟದ ಮೊಕದ್ದಮೆ ಪುಣೆಯವರ ಮೇಲೆ ಬೇಡವೇ ಬೇಡ. ಪರಿಹಾರ ಕೇಳುವ ದಾವೆಯಲ್ಲಿ, ಹೇಳಿದ್ದು ನಿಜವೆಂದು ಸಾಬೀತಾದರೆ ದಾವೆ ಅಲ್ಲಿಗೇ ಮುಗಿಯುತ್ತದೆ. ಕ್ರಿಮಿನಲ್ ದೂರು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನಡಿ ಬರುತ್ತದೆ; ಸಾರ್ವಜನಿಕ ಹಿತಕ್ಕಾಗಿ ಆಡಿದ ನಿಜಕ್ಕೆ ಅಲ್ಲಿಯೂ ರಕ್ಷಣೆ ಇದೆ. ಮಜೂರಿಯ ಸುಳ್ಳನ್ನು ಹುಟ್ಟಿಸಿದವರು ಯಾರೆಂದು ಗೊತ್ತಾಗಿ, ಕೇಳಿಕೊಂಡರೂ ಅವರು ತಿದ್ದದಿದ್ದರೆ ವಕೀಲರನ್ನು ಕಾಣಿ. ಪರಿಹಾರದ ದಾವೆಗೆ ಬರಹ ಪ್ರಕಟವಾದ ದಿನದಿಂದ ಒಂದು ವರ್ಷದ ಗಡುವಿದೆ, ಅದನ್ನು ಮರೆಯಬೇಡಿ. ಯೂರೋಪಿನಲ್ಲಿ ‘ಮರೆಸುವ ಹಕ್ಕು’ ಇದೆಯಂತೆ ಎಂದೂ ಕೇಳಿದ್ದೀರಿ. ಇದೆ, 2014ರಲ್ಲಿ ಅಲ್ಲಿನ ನ್ಯಾಯಾಲಯ ಸ್ಪೇನಿನ ವ್ಯಕ್ತಿಯೊಬ್ಬರ ಹಳೆಯ ಸಾಲದ ಪ್ರಕಟಣೆ ಅವರ ಹೆಸರಿನ ಹುಡುಕಾಟದಲ್ಲಿ ಬಾರದಂತೆ ಮಾಡಲು ಗೂಗಲ್‌ಗೆ ಹೇಳಿತು. ಅದು ಖಾಸಗಿ ವ್ಯಕ್ತಿಯ ಹದಿನಾರು ವರ್ಷ ಹಳೆಯ, ತೀರಿಹೋದ ಸಂಗತಿ. ಹೋದ ಹಬ್ಬದಲ್ಲಿ ಮಾರಿದ ಸೀರೆಗೆ ಅದು ಅನ್ವಯಿಸುವುದಿಲ್ಲ.

ಏಜೆನ್ಸಿಯವರಿಗೆ ಇವತ್ತೇ ‘ಬೇಡ’ ಎಂದು ತಿಳಿಸಿ. ನಿಜವಾದ ರಿವ್ಯೂ ತೆಗೆಸುವ ಯಾವ ಬಾಗಿಲೂ ಅವರಿಗೆಂದೇ ತೆರೆದಿಲ್ಲ. ನೀವು ಒತ್ತಬಹುದಾದ ಗುಂಡಿಯನ್ನೇ ಅವರೂ ಒತ್ತುತ್ತಾರೆ. ದುಡ್ಡು ಕೊಟ್ಟು ಬರೆಸಿದ ರಿವ್ಯೂ ಗೂಗಲ್‌ನ ನಿಯಮಕ್ಕೂ ವಿರುದ್ಧ, 2022ರ ನವೆಂಬರ್‌ನಲ್ಲಿ ಭಾರತೀಯ ಮಾನಕ ಬ್ಯೂರೋ ಆನ್‌ಲೈನ್ ರಿವ್ಯೂಗಳಿಗೆಂದೇ ತಂದ ಐಎಸ್ 19000 ಮಾನದಂಡಕ್ಕೂ ವಿರುದ್ಧ. ನಿಯಮಗಳು ಹಾಗಿರಲಿ, ಕೈಮಗ್ಗದ್ದಲ್ಲದ ಸೀರೆಯನ್ನು ಕೈಮಗ್ಗದ್ದೆಂದು ಮಾರಿದ ತಪ್ಪನ್ನು, ಗಿರಾಕಿಗಳಲ್ಲದವರನ್ನು ಗಿರಾಕಿಗಳೆಂದು ತೋರಿಸಿ ತೊಳೆಯಲು ಹೋಗುವುದು ಅದೇ ತಪ್ಪನ್ನು ಐವತ್ತು ಸಲ ಮಾಡಿದಂತೆ. ಅಂಗಡಿಯ ಹೆಸರನ್ನೂ ಬದಲಿಸಬೇಡಿ. ಒಂಬತ್ತು ವರ್ಷ ನಿಮ್ಮನ್ನು ನಂಬಿದವರು ಹುಡುಕುವುದು ಹಳೆಯ ಹೆಸರನ್ನೇ, ಮತ್ತು ಹೊಸ ಹೆಸರಿನ ಹಿಂದೆ ಯಾರಿದ್ದಾರೆಂದು ಪತ್ತೆ ಹಚ್ಚಲು ಆ ಗುಂಪಿಗೆ ಒಂದು ಸಂಜೆ ಸಾಕು.

ಹೆಸರು ಮರಳುವುದು ನಿಧಾನವಾಗಿ. ಪ್ರತಿ ಸೀರೆಯ ಕೊಂಡಿಯ ಜಾಗವನ್ನು ಹತ್ತಿರದಿಂದ ವಿಡಿಯೊ ಮಾಡಿ, ಸೀರೆ ಕಳಿಸುವ ಮುಂಚೆಯೇ ಗಿರಾಕಿಗೆ ಕಳಿಸಿ. ನೇಕಾರರು ಒಪ್ಪಿದರೆ ಅವರ ಹೆಸರನ್ನೂ, ನೇಯಲು ಹಿಡಿದ ದಿನಗಳನ್ನೂ ಚೀಟಿಯಲ್ಲಿ ಬರೆಯಿರಿ. 2006ರಿಂದ ಜಾರಿಯಲ್ಲಿರುವ ಹ್ಯಾಂಡ್‌ಲೂಮ್ ಮಾರ್ಕ್‌ಗೆ ನೋಂದಾಯಿಸಿಕೊಂಡು ಆ ಲೇಬಲ್ ಹಚ್ಚಿ. ಇಳಕಲ್ ಸೀರೆಗೆ ಜಿಐ (ಭೌಗೋಳಿಕ ಗುರುತಿನ) ಮಾನ್ಯತೆ ಇದೆಯೆಂದು ಪುಟದ ತುಂಬ ಬರೆದುಕೊಂಡಿದ್ದೀರಿ. ಅದು ಊರಿನ ಹೆಮ್ಮೆ, ನಿಮ್ಮ ಕೈಯಲ್ಲಿರುವ ಈ ಒಂದು ಸೀರೆಗೆ ಅದರಿಂದ ಸಾಕ್ಷಿ ಸಿಗುವುದಿಲ್ಲ. ರಿವ್ಯೂ ಬರೆಯಿರೆಂದು ಕೇಳುವುದಾದರೆ ಎಲ್ಲ ಗಿರಾಕಿಗಳನ್ನೂ ಕೇಳಿ, ಮೆಚ್ಚಿದವರನ್ನಷ್ಟೇ ಆರಿಸಬೇಡಿ, ರಿಯಾಯಿತಿಯ ಆಸೆ ತೋರಿಸಬೇಡಿ. ಮರಾಠಿ ಗಿರಾಕಿಗಳು ‘ಇರಕಲ್’ ಎಂದೇ ಹುಡುಕುತ್ತಾರೆ, ನಿಮ್ಮ ಪುಟದಲ್ಲಿ ಆ ಹೆಸರೂ ಇರಲಿ. ಬರುವ ದೀಪಾವಳಿಗೆ ಮಾಲು ಸಾಲದಿದ್ದರೆ ‘ಮುಗಿದಿದೆ’ ಎಂದು ಬರೆಯಿರಿ.

ಮರಳಿ ಬರುವ ಸೀರೆಗಳನ್ನು ಏನು ಮಾಡಬೇಕೆಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಅವುಗಳನ್ನು ಅಂಗಡಿಯ ಮುಂದಿನ ಕಪಾಟಿನಲ್ಲಿಯೇ ಇಟ್ಟು, ‘ಪವರ್‌ಲೂಮ್’ ಎಂದು ದಪ್ಪ ಅಕ್ಷರದಲ್ಲಿ ಚೀಟಿ ಹಚ್ಚಿ, ಅದಕ್ಕೆ ತಕ್ಕ ಬೆಲೆಗೆ ಮಾರಿ.